ಮೊರೀನ್ ಮನೆಯ ಬಾಂದುಕಲ್ಲು

ಐರಿಶ್ ಪಟ್ಟಣವಾದ ಡನ್‌ಡಾಕ್‌ನಿಂದ ಆರು ಮೈಲಿ ಹೊರಗೆ, ಒಂದು ಓಣಿಯ ಕೊನೆಯಲ್ಲಿ ಮೊರೀನ್ ಅವರ ಮನೆ. ಅರವತ್ತೊಂದು ವರ್ಷದ ಮೊರೀನ್ ಶಾಲೆಯ ಬಸ್ಸು ಓಡಿಸುತ್ತಾರೆ. ಬಸ್ಸು ನಿಲ್ಲುವುದೂ ಅವರ ಅಂಗಳದಲ್ಲೇ. ಪಕ್ಕದ ಬಾಡಿಗೆ ಮನೆಯ ನಿಸರ್ಗಾ ಎರಡನೆಯ ಹೆರಿಗೆಯಾಗಿ ಮಲಗಿದ್ದಾಗ, ದೊಡ್ಡ ಮಗಳು ಐಶುವಿನ ಶಾಲೆ ಒಂದು ದಿನವೂ ತಪ್ಪದಂತೆ ನೋಡಿಕೊಂಡವರು ಅವರೇ.

ಆ ಮನೆ ಅವರ ಮುತ್ತಜ್ಜನಿಗೆ ಸಿಕ್ಕಿದ್ದು. ಕೂಲಿಯಾಳಾಗಿದ್ದ ಆತ ಧಣಿಯ ಕೊಟ್ಟಿಗೆಯ ಮಗ್ಗುಲಲ್ಲೇ ಸಂಸಾರ ಮಾಡಿಕೊಂಡಿದ್ದ. ಆಗ ಇದ್ದ ಗ್ರಾಮೀಣ ಜಿಲ್ಲೆಯ ಕೌನ್ಸಿಲ್ಲು ಕೂಲಿಗಳಿಗೆಂದು ಮನೆ ಕಟ್ಟಿಸಿ, ಆತನಿಗೂ ಒಂದನ್ನು ಕೊಟ್ಟು, ಅರ್ಧ ಎಕರೆ ಅಳೆದು ಮೂಲೆಗೆ ಕಲ್ಲು ನೆಡಿಸಿತು. 1925ರಲ್ಲಿ ಆ ಜಿಲ್ಲೆಯನ್ನೇ ರದ್ದು ಮಾಡಿದರು. ಸದಸ್ಯರು ಮನೆಗೆ ಹೋದರು, ಪುಸ್ತಕಗಳು ಕೌಂಟಿಯ ಕಪಾಟಿಗೆ ಹೋದವು. ಓಣಿಯಂಚಿನ ಮೊಣಕಾಲೆತ್ತರದ ಕಲ್ಲು ಮಾತ್ರ ಇದ್ದಲ್ಲೇ ಇತ್ತು.

ಈ ಮಾರ್ಚ್‌ವರೆಗೂ ಇತ್ತು. ಬಾಣಂತನಕ್ಕೆಂದು ಬಂದಿದ್ದ ನಿಸರ್ಗಾಳ ಅತ್ತೆ ಸಾವಿತ್ರಮ್ಮ, ತುಳಸಿ ಕುಂಡ ನೆಲದ ಮೇಲಿರಬಾರದೆಂದು ಕಲ್ಲು ಹುಡುಕುತ್ತಿದ್ದರು. ಚಳಿಗೆ ಸಡಿಲಾಗಿ ವಾಲಿದ್ದ ಅದು ಕಣ್ಣಿಗೆ ಬಿತ್ತು. ಮಗುವಿನ ತಳ್ಳುಗಾಡಿಯಲ್ಲಿ ಅದನ್ನು ತಂದರು, ತೊಳೆದರು, ಅರಿಶಿನ ಹಚ್ಚಿ ಕಿಟಕಿಯ ಬಳಿ ಕೂರಿಸಿದರು. ನಿಸರ್ಗಾ ದಿನವೂ ಅದರ ಮುಂದೆಯೇ ಓಡಾಡಿದಳು. ಎಲ್ಲಿಯ ಕಲ್ಲೆಂದು ಕೇಳಲಿಲ್ಲ.

ಏಪ್ರಿಲ್‌ನಲ್ಲಿ ಪಕ್ಕದ ಹೊಲ ಕೊಂಡವರು ಜೆಸಿಬಿ ತರಿಸಿ ಬೇಲಿಯ ಗಿಡಗಳನ್ನೆಲ್ಲ ಬೇರುಸಹಿತ ಕಿತ್ತರು. ಹೊಸ ಬೇಲಿಯ ಗುರುತು ಮೊರೀನ್ ಅಂಗಳದೊಳಗೆ ನಾಲ್ಕು ಹೆಜ್ಜೆ ಬಂತು. ಆ ನಾಲ್ಕು ಹೆಜ್ಜೆ ಹೋದರೆ ಬಸ್ಸು ತಿರುಗುವುದಿಲ್ಲ. ಹಿಮ್ಮುಖವಾಗಿ ಹೆದ್ದಾರಿಗೆ ಇಳಿಸಲು ಬಸ್ಸಿನ ಕಂಪನಿ ಬಿಡುವುದಿಲ್ಲ, ಬಸ್ಸು ಇಟ್ಟುಕೊಳ್ಳಲು ಜಾಗವಿಲ್ಲದವರಿಗೆ ಕೆಲಸವನ್ನೂ ಕೊಡುವುದಿಲ್ಲ.

"ಕಲ್ಲಿದೆಯಲ್ಲ, ನೋಡ್ಲಿ," ಎಂದು ಓಣಿಗೆ ಹೋದ ಮೊರೀನ್ ಅಲ್ಲಿ ಕಲ್ಲು ಕಾಣದೆ, ಕೇಳೋಣವೆಂದು ನಿಸರ್ಗಾಳ ಬಾಗಿಲಿಗೆ ಬಂದರು. ಕಿಟಕಿಯ ಬಳಿ ತುಳಸಿ ಕುಂಡದಡಿ ಇದ್ದ ಕಲ್ಲನ್ನು ಗುರುತು ಹಿಡಿದರು.

ವಿಷಯ ತಿಳಿದ ಸಾವಿತ್ರಮ್ಮ ಕಲ್ಲಿನ ಮೇಲಿಂದ ಕುಂಡ ಇಳಿಸಿದರು. "ಬಾಂದುಕಲ್ಲು ಅಂತ ಗೊತ್ತಿದ್ರೆ ಮುಟ್ತಿದ್ನಾ ಕಣೇ? ಪಾಪ, ಆಯಮ್ಮಂಗೆ ಹೇಳು."

ನಿಸರ್ಗಾ ಹೇಳಿದಳು. ಮೊರೀನ್ ಸಣ್ಣಗೆ ನಕ್ಕರು. "ನಮ್ಮ ಜಿಲ್ಲೇನ ಎತ್ತೋಕೆ ಸರ್ಕಾರಕ್ಕೆ ಒಂದು ಕಾನೂನೇ ಬೇಕಾಯ್ತು. ನಿಮ್ಮತ್ತೆ ತಳ್ಳುಗಾಡೀಲೇ ಎತ್ಕೊಂಡು ಬಂದವ್ರೆ. ಗ್ರ್ಯಾಂಡ್, ಪರವಾಗಿಲ್ಲ ಬಿಡು."

ನಿಸರ್ಗಾ ಬಿಡಲಿಲ್ಲ. ಮಗುವನ್ನು ಎದೆಗೆ ಕಟ್ಟಿಕೊಂಡು ಕೌಂಟಿ ಕಚೇರಿಗೆ ಹೋಗಿ ಹಳೆಯ ಜಿಲ್ಲೆಯ ನಡಾವಳಿ ಪುಸ್ತಕ ತೆರೆಸಿದಳು. ಮುತ್ತಜ್ಜನ ಹೆಸರು ಸಿಕ್ಕಿತು, ಅರ್ಧ ಎಕರೆ ಎಂದೂ ಇತ್ತು. ಎಲ್ಲಿಂದ ಎಲ್ಲಿಗೆ ಎಂದು ಬರೆದಿರಲಿಲ್ಲ. ಭೂ ನೋಂದಣಿಯ ನಕ್ಷೆಯಲ್ಲಿ ಗೆರೆಯಿತ್ತು. ಆದರೆ ನೆಲದ ಮೇಲೆ ಆ ಗೆರೆಯ ದಪ್ಪವೇ ಹೆಜ್ಜೆಗಟ್ಟಲೆ ಆಗುತ್ತದೆಂದು, ಜಾಗ ಅಳೆಯಲು ಕರೆಸಿದ ಮೋಜಣಿದಾರ ಹೇಳಿದ.

ಅಳತೆಯ ದಿನ ನಿಸರ್ಗಾಳ ಗಂಡ ನಂದೀಶ್ ಕಲ್ಲನ್ನು ಹೊತ್ತು ತಂದ. ಸಾವಿತ್ರಮ್ಮ ಜೆಸಿಬಿ ಕೆರೆದ ಕೆಸರಿನಲ್ಲಿ ಅತ್ತಿತ್ತ ನಡೆದು, "ಇಲ್ಲೊಂದು ಮುಳ್ಳಿನ ಗಿಡ ಇತ್ತು ಕಣೋ, ಅದರ ಬುಡದಲ್ಲಿ," ಎಂದರು. ಗಿಡವೇ ಇರಲಿಲ್ಲ.

"ಕಲ್ಲು ಇಂಥಲ್ಲೇ ಇತ್ತು ಅಂತ ಬರೆದು ಸಹಿ ಹಾಕ್ತೀರಾ?" ಎಂದು ಮೋಜಣಿದಾರ ಮೊರೀನ್‌ರನ್ನು ಕೇಳಿದ.

"ಹಾಕ್ಬಿಡಿ," ಎಂದು ನಿಸರ್ಗಾ ಪಿಸುಗುಟ್ಟಿದಳು. "ಯಾರು ಕೇಳ್ತಾರೆ?"

ಮೊರೀನ್ ಎರಡು ಹೆಜ್ಜೆ ಮುಂದಿಟ್ಟರು, ಒಂದು ಹಿಂದಿಟ್ಟರು. ಹುಟ್ಟಿದಾಗಿನಿಂದ ಆ ಕಲ್ಲು ದಾಟಿ ಓಡಾಡಿದವರು. "ಇಲ್ಲೇ ಎಲ್ಲೋ ಇತ್ತು," ಎಂದರು. "ಎಲ್ಲೋ ಅನ್ನೋದಕ್ಕೆ ಹೇಗೆ ಸಹಿ ಹಾಕ್ಲಿ ಮಗಾ?"

ಗುರುವಾರ ಬೇಲಿಯ ಕಂಬಗಳು ಬಂದವು.

ಜೂನ್ ಮೊದಲ ವಾರ ಓಣಿಯ ಬಾಯಲ್ಲಿ ಬಸ್ಸು ನಿಲ್ಲಿಸಿ ಹೊಸ ಡ್ರೈವರ್ ಹಾರ್ನ್ ಹೊಡೆದ. ಮೊರೀನ್ ಬೇಲಿಯಾಚೆ ಬಟ್ಟೆ ಒಣಗಿಸುತ್ತ ಕೈ ಬೀಸಿದರು. ಐಶು ಹತ್ತಲೊಲ್ಲೆನೆಂದು ನಿಂತಳು. ನಿಸರ್ಗಾ ಅವಳ ಕೈಹಿಡಿದು ಎಳೆದು ಹತ್ತಿಸಿದಳು.