ಸೈರನ್ ಇಲ್ಲದೆ ಬಂದ ಗಾಡಿ

ಮನೆಯ ವಿಷಯವನ್ನು ಹೊರಗೆ ಹೇಳುವುದು ನನಗೆ ಹಿಡಿಸುವುದಿಲ್ಲ. ಅದರಲ್ಲೂ ಇಂಥ ವಿಷಯ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು, ಯಾರಾದರೂ ‘ಮೊದಲೇ ಗೊತ್ತಾಗಿತ್ತು’ ಎಂದರೆ ಎದ್ದು ಹೋಗುತ್ತಿದ್ದವಳು. ಅಂಥ ಮಾತುಗಳನ್ನು ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಕಣ್ಣಾರೆ ಕಂಡದ್ದನ್ನು ಕಂಡಿಲ್ಲ ಎನ್ನಲೂ ಆಗುವುದಿಲ್ಲ.

ನಮ್ಮ ಮನೆ ಭಟ್ಕಳದ ಉತ್ತರಕ್ಕೆ ಕಾಯ್ಕಿಣಿಯಲ್ಲಿ, ಹೆದ್ದಾರಿಗೆ ಹತ್ತಿರ. ಆ ವರ್ಷ ಅಪ್ಪನಿಗೆ ಎದೆನೋವು ಬಂತು. ನಮ್ಮ ಕಡೆ ದೊಡ್ಡ ಆಸ್ಪತ್ರೆಯಿಲ್ಲ; ಎದೆನೋವು ಬಂದರೆ ಆಂಬುಲೆನ್ಸ್ ಹತ್ತಿ ಜಿಲ್ಲೆಯನ್ನೇ ಬಿಟ್ಟು ದಕ್ಷಿಣಕ್ಕೆ ಓಡಬೇಕು. ಭಟ್ಕಳ, ಹೊನ್ನಾವರ, ಕುಮಟಾದವರಿಗೆ ಇದು ಮಳೆ ಬಿಸಿಲಿನಷ್ಟೇ ಸಹಜವಾಗಿಬಿಟ್ಟಿದೆ. ಹಾಗೆ ಸಹಜವಾದದ್ದೇ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ. ಅಪ್ಪ ದಾರಿಯಲ್ಲೇ ತೀರಿಕೊಂಡರು.

ಅವರನ್ನು ಮರಳಿ ತರುವಾಗ ಭಟ್ಕಳಕ್ಕಿಂತ ಮೊದಲು ರಸ್ತೆ ಬದಿಯ ಒಂದು ಹೋಟೆಲಿನ ಮುಂದೆ ಚಾಲಕ ಗಾಡಿ ನಿಲ್ಲಿಸಿದ. ಅಮ್ಮನ ಗಂಟಲು ಒಣಗಿ ಮಾತೇ ಹೊರಡುತ್ತಿರಲಿಲ್ಲ. ನಾನು ಒಳಗೆ ಹೋಗಿ ನೀರು ಕೇಳಿದೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ನನ್ನನ್ನು ಬಿಟ್ಟು ಗಾಡಿಯನ್ನು ನೋಡಿದರು.

“ಹೆಣದ ಸಂಗಡ ಬಂದವ್ರಾ? ಲೋಟ ಮುಟ್ಬೇಡಿ ಮಾರಾಯ್ರೆ, ಊಟದ ಹೊತ್ತು. ಬಾಟಲಿ ನೀರು ಖಾಲಿ ಆಗ್ಯದೆ.”

ಸೂತಕದವರು ಮುಟ್ಟಿದ ಲೋಟದಲ್ಲಿ ಗಿರಾಕಿಗಳು ಕುಡಿಯುವುದಿಲ್ಲವಂತೆ. ಅಮ್ಮ ಮನೆಯವರೆಗೂ ನೀರಿಲ್ಲದೆ ಬಂದಳು.

ಆಮೇಲೆ ಅವಳು ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಒತ್ತಾಯಿಸಿದರೆ ಒಂದೆರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ತಿಂಗಳುಗಳು ಕಳೆದರೂ ಹಾಗೆಯೇ. ಹೀಗೇ ಆದರೆ ಇವರೂ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

ಬಂದವರೆಲ್ಲ ಬುದ್ಧಿ ಹೇಳುವವರೇ. ಅಪ್ಪನ ತಂಗಿ, ನನ್ನ ಅತ್ತೆ, ಮಂಚದ ತುದಿಯಲ್ಲಿ ಕೂತು, “ಅತ್ತಿಗೆ, ನಿಮಗಿಂತ ಕಷ್ಟದಲ್ಲಿ ಇದ್ದವ್ರನ್ನ ನೆನ್ಸ್ಕಣಿ. ನಿಮ್ದು ತನ್ನಿಂದ ತಾನೇ ಹಗುರ ಆಗ್ತದೆ,” ಎನ್ನುವರು. ನಂತರ ನನ್ನ ಕಡೆ ತಿರುಗಿ, “ಅಷ್ಟೆಲ್ಲ ಓದಿದ್ದಿ, ಅಮ್ಮಂಗೆ ನಾಲ್ಕು ಮಾತು ಹೇಳೂಕೆ ಬರೂದಿಲ್ವಾ?”

ಇನ್ನೊಬ್ಬರ ನೋವನ್ನು ಮಾತ್ರೆಯ ಹಾಗೆ ನುಂಗು ಎಂದು ಹೇಳುವುದು ನನಗೆ ಅಸಹ್ಯವಾಗುತ್ತಿತ್ತು.

ಆ ದಿನ ಕಡು ಬೇಸಿಗೆ. ಅಡುಗೆಮನೆಯಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಅಮ್ಮ ಎದ್ದು ಗಂಜಿ ತಿಳಿ ಬಸಿಯುತ್ತಿದ್ದಾಳೆ. ಅದಕ್ಕೆ ಉಪ್ಪು ಹಾಕಿದಳು. ಬಿಂದಿಗೆಯಲ್ಲಿ ನೀರು ತುಂಬಿದಳು. ಆಮೇಲೆ ಹಾಲು ಕಾಯಿಸಿ ಆರಿಸಿ ಗಿಂಡಿಗೆ ಹಾಕಿ, ಅಟ್ಟದ ಪೆಟ್ಟಿಗೆಯಿಂದ ಒಳಲೆ ತೆಗೆದು ತೊಳೆದಳು. ಚಿಕ್ಕ ಕೂಸುಗಳಿಗೆ ಹಾಲು ಕುಡಿಸುವ ಒಳಲೆ, ನನ್ನ ನಂತರ ನಮ್ಮ ಮನೆಯಲ್ಲಿ ಯಾರಿಗೂ ಬೇಕಾಗದೇ ಇದ್ದದ್ದು.

“ಹಾಲು ಯಾರಿಗೆ ಅಮ್ಮಾ?”

“ಬಿಂದಿಗೆ ಹಿಡ್ಕ. ಗಾಡಿ ಬರ್ತದೆ.”

ಅವಳಿಗೆ ಬುದ್ಧಿಭ್ರಮಣೆ ಆಗಿದೆ ಎಂದೇ ನಾನು ಭಾವಿಸಿದೆ. ತಡೆಯುವ ಧೈರ್ಯವಾಗದೆ ಹಿಂದೆ ಹೋದೆ. ಹೆದ್ದಾರಿಯ ಅಂಚಿನಲ್ಲಿ ನಿಂತೆವು. ಲಾರಿಗಳು, ಬಸ್ಸುಗಳು ಹೋದವು. ಸೈರನ್ ಕೂಗುತ್ತ ದಕ್ಷಿಣಕ್ಕೆ ಹೋದ ಒಂದು ಆಂಬುಲೆನ್ಸನ್ನು ಅವಳು ನೋಡಿದಳು, ಕೈ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಭಟ್ಕಳದ ಕಡೆಯಿಂದ ಇನ್ನೊಂದು ಬಂತು. ಸೈರನ್ ಇಲ್ಲ, ದೀಪವಿಲ್ಲ. ಖಾಲಿ ಗಾಡಿ ಎಂದುಕೊಂಡೆ. ಅಮ್ಮ ಕೈ ಎತ್ತಿದಳು.

ಚಾಲಕ ಇಳಿದವನು ಬಿಂದಿಗೆ ನೋಡಿ ತಬ್ಬಿಬ್ಬಾದ. “ನಿಮಗೆ ಯಾರು ಫೋನ್ ಮಾಡಿದ್ರು?”

ಹಿಂದಿನ ಬಾಗಿಲು ತೆರೆದ. ಗಂಡನ ಹೆಣದ ಪಕ್ಕದಲ್ಲಿ ನನ್ನ ವಯಸ್ಸಿನ ಹುಡುಗಿಯೊಬ್ಬಳು ಕೂತಿದ್ದಳು. ಕುಮಟಾ ಹತ್ತಿರದ ಧಾರೇಶ್ವರದವಳು. ಮಡಿಲಲ್ಲಿ ಕೂಸು.

ಅಮ್ಮ ಲೋಟ ಚಾಚಿದಳು. “ಕುಡಿ ತಂಗಿ. ಲೋಟ ನಮ್ಮನೇದೇ.”

“ಬೆಳಿಗ್ಗಿಂದ ಎದೆಲಿ ಹಾಲೇ ಇಲ್ಲ ಅಮ್ಮ,” ಎಂದಳು ಅವಳು. “ಕೂಸು ಕೂಗಿ ಕೂಗಿ ಸುಸ್ತಾಗ್ಯದೆ.”

“ಕೂಸನ್ನ ನಂಗೆ ಕೊಡು. ನೀನು ಗಂಜಿ ತಿಳಿ ಕುಡಿ.”

ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತು ಅಮ್ಮ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಹಾಲು ಕುಡಿಸಿದಳು. ನಾನು ಬಿಂದಿಗೆ ಹಿಡಿದು ನಿಂತೇ ಇದ್ದೆ.

ಆ ಸಂಜೆ ಅಮ್ಮ ತಾನಾಗಿ ತಟ್ಟೆ ಹಾಕಿಕೊಂಡು ಕೂತಳು. “ಸಾರಿಗೆ ಉಪ್ಪು ಹಾಕೂಕೆ ಮರ್ತ್ಯಾ?” ಎಂದು ನನ್ನನ್ನು ಬೈದು, ಎರಡನೆಯ ಸಲ ಅನ್ನ ಬಡಿಸಿಕೊಂಡಳು.

ನಾನು ವಿಚಾರಿಸದೆ ಬಿಡಲಿಲ್ಲ. ಅಪ್ಪನ ಫೋನು ಸ್ವಿಚ್ ಆಫ್ ಆಗಿ ಕಪಾಟಿನಲ್ಲಿತ್ತು. ಅಮ್ಮನಿಗೆ ಬೇರೆ ಫೋನಿರಲಿಲ್ಲ. ಮನೆಗೆ ಯಾರೂ ಬಂದಿರಲಿಲ್ಲ. ಧಾರೇಶ್ವರದಲ್ಲಿ ನಮಗೆ ಪರಿಚಯದವರೂ ಇಲ್ಲ. ಅಮ್ಮನನ್ನು ಕೇಳಿದರೆ, “ಎಂತದೂ ಗೊತ್ತಿರ್ಲಿಲ್ಲ. ಎದ್ದೆ, ಮಾಡ್ದೆ,” ಎನ್ನುತ್ತಾಳೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಈಗ ರಹಸ್ಯವೇನೂ ಇಲ್ಲ. ಆ ಚಾಲಕ ಉಳಿದ ಚಾಲಕರಿಗೆ ನಮ್ಮ ನಂಬರು ಕೊಟ್ಟಿದ್ದಾನೆ. ಯಾರನ್ನಾದರೂ ಹಾಗೆ ಮರಳಿ ತರುವಾಗ ಫೋನ್ ಮಾಡುತ್ತಾರೆ, ಅಮ್ಮ ಬಿಂದಿಗೆ ಹಿಡಿದು ಹೋಗುತ್ತಾಳೆ. ಅವಳು ಬದುಕಿಕೊಂಡದ್ದು ಇದರಿಂದಲೇ ಎಂಬುದು ನಿಜ. “ನಾ ಹೇಳಿದ್ದೇ ಆತಲ್ಲ,” ಎಂದು ಅತ್ತೆ ಬೀಗುತ್ತಾರೆ. ಅವರು ಹೇಳಿದ್ದು ಅದಲ್ಲ. ಯಾರದು ದೊಡ್ಡ ದುಃಖ ಎಂದು ಅಮ್ಮ ಆ ಹುಡುಗಿಯ ಮುಂದೆ ಅಳೆಯಲಿಲ್ಲ. ಸನ್ಮಾನ ಮಾಡುತ್ತೇವೆಂದು ಶಾಲು ಹಿಡಿದು ಬಂದವರೂ ಇದ್ದಾರೆ. ನಮ್ಮ ಫೋನು ಏಕೆ ಇಷ್ಟು ಸಲ ರಿಂಗಾಗುತ್ತದೆ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ.

ಆ ಮಧ್ಯಾಹ್ನದ್ದು ದೇವರೇ ತಿಳಿಸಿದ್ದು ಎಂದು ಅತ್ತೆ ಕಳೆದ ವಾರವೂ ಹೇಳಿದರು. ನನಗೆ ತಡೆಯಲಾಗಲಿಲ್ಲ. ಹಾಲು ಕಾಯಿಸು ಎಂದು ಅಮ್ಮನಿಗೆ ಹೇಳಬಲ್ಲವನು, ಇಲ್ಲೊಂದು ಆಸ್ಪತ್ರೆ ಕಟ್ಟಿ ಎಂದು ಕಟ್ಟಬೇಕಾದವರಿಗೆ ಹೇಳಲಿಲ್ಲವೇಕೆ ಎಂದು ಕೇಳಿಬಿಟ್ಟೆ.

ಅಕ್ಕಿ ಆರಿಸುತ್ತಿದ್ದ ಅಮ್ಮ ತಲೆ ಎತ್ತದೆ ಹೇಳಿದಳು:

“ಹೇಳಿರ್ಬೋದು. ಕೇಳ್ದವ್ರು ಎದ್ದೇಳ್ಲಿಲ್ಲ.”