ತಿಪ್ಪಸಂದ್ರದ ಒಂದನೇ ರ‍್ಯಾಂಕು

ತಿಪ್ಪಸಂದ್ರದ ಹಿಟ್ಟಿನ ಗಿರಣಿಯವನು ಬಂದವರನ್ನೆಲ್ಲ ಮೊದಲು ಕಣ್ಣಲ್ಲೇ ತೂಗುತ್ತಿದ್ದ. ಮೂಟೆ ತೂಗುವ ಯಂತ್ರದ ಹಿಂದಿನ ಗೋಡೆಯ ಮೇಲೆ ಒಂದು ಕಪ್ಪು ಹಲಗೆಯಿತ್ತು. ಪ್ರಪಂಚದ ಬಾಕ್ಸಿಂಗ್ ಚಾಂಪಿಯನ್ನರ ಹೆಸರು, ಅವರ ತೂಕದ ವರ್ಗ, ಕೆಳಗಿನ ರ‍್ಯಾಂಕಿನವರು ಎಲ್ಲವೂ ಅದರಲ್ಲಿ ಸೀಮೆಸುಣ್ಣದಲ್ಲಿರುತ್ತಿದ್ದವು. ಶನಿವಾರ ಒಂಬತ್ತಕ್ಕೆ ನಾನು ರಾಗಿ ತರುವ ಹೊತ್ತಿಗೆ ಅವನು ಮೊಬೈಲ್ ನೋಡಿಕೊಂಡು ಅದನ್ನು ತಿದ್ದುತ್ತಿರುತ್ತಿದ್ದ. ಯಾರು ದನಿ ಏರಿಸಿದರೂ ಅವನದು ಒಂದೇ ಮಾತು: "ಮೊದ್ಲು ತೂಕ, ಆಮ್ಯಾಕೆ ಜಗಳ."

ಒಂದು ಶನಿವಾರ ದಪ್ಪ ರೈತನೊಬ್ಬ ಸರದಿ ಮುರಿದು ಮುಂದೆ ನುಗ್ಗಿದ. ಸರದಿಯಲ್ಲಿದ್ದ ಸಣಕಲು ಕುರಿಗಾರ ರೇಗಿದ.

"ಮಧ್ಯಾಹ್ನಕ್ಕೆ ಮಗಳನ್ನ ನೋಡಕ್ಕೆ ಬತ್ತಾವ್ರೆ, ಮನೇಲಿ ಮುದ್ದೆಗೆ ಹಿಟ್ಟಿಲ್ಲ. ಹಿಂದಕ್ಕೋಗ್ಲಾ!"

ದಪ್ಪನವನು ಮುಷ್ಟಿ ಎತ್ತಿದ. ಗಿರಣಿಯವನು ಅವನ ಕೈ ಹಿಡಿದು ಯಂತ್ರ ಹತ್ತಿಸಿದ.

"ನೂರಾ ನಾಕು ಕೆಜಿ! ತೊಂಬತ್ತೊಂದು ದಾಟಿದ್ರೇ ಹೆವಿವೇಟು, ನೀನು ಅಪ್ಪಟ ಹೆವಿವೇಟು ಕಣಣ್ಣ. ತಿಪ್ಪಸಂದ್ರಕ್ಕೆ ಒಂದನೇ ರ‍್ಯಾಂಕು" ಎಂದು ಹಲಗೆಯಲ್ಲಿ ಅವನ ಹೆಸರು ಬರೆದ.

ಕುರಿಗಾರ ಬಿಡಲಿಲ್ಲ. ರಾಗಿ ಮೂಟೆ ತಬ್ಬಿಕೊಂಡೇ ಯಂತ್ರ ಹತ್ತಿ, "ತೊಂಬತ್ತೈದು! ನಾನೂ ಹೆವಿವೇಟೇ, ಬಾರ್ಲಾ!" ಎಂದ.

"ಮೂಟೆ ಸಮೇತ ಫೈಟಿಲ್ಲ, ಇಲ್ಲಿ ಕೊಡು" ಎಂದು ಗಿರಣಿಯವನು ಅದನ್ನು ಕಿತ್ತುಕೊಂಡು ಸೀದಾ ಗಿರಣಿಯ ಬಾಯಿಗೆ ಸುರಿದ.

ದಪ್ಪನವನು ಅದನ್ನು ಗಮನಿಸಲೇ ಇಲ್ಲ. ಅಷ್ಟೂ ರಾಗಿ ಹಿಟ್ಟಾಗುವವರೆಗೆ ಹಲಗೆಯ ಮುಂದೆ ನಿಂತು ತನ್ನ ಹೆಸರು ಓದಿಕೊಳ್ಳುತ್ತಿದ್ದ. ಕೊನೆಗೆ ತಿರುಗಿ, "ಎರಡನೇ ರ‍್ಯಾಂಕು ಯಾರ್ದು?" ಎಂದು ಕೇಳಿದ.

"ಅವ್ನಿನ್ನೂ ಹುಟ್ಟಿಲ್ಲ ಕಣಣ್ಣ" ಎಂದ ಗಿರಣಿಯವನು. ಅಷ್ಟರಲ್ಲಿ ಕುರಿಗಾರ ಬಿಸಿ ಹಿಟ್ಟಿನ ಮೂಟೆ ಹೊತ್ತು ಊರಿನ ತಿರುವು ದಾಟಿದ್ದ.