ವಾಯಿದೆ ಅರ್ಜಿ ಮತ್ತು ನವಿಲುಬಣ್ಣದ ಸೀರೆ

ಇವತ್ತು ಬೆಳಗ್ಗೆ ನನ್ನ ಹೆಂಡತಿ ಕಪಾಟಿನ ಬಾಗಿಲು ತೆಗೆದಳು. ಡಾಂಬರು ಗುಳಿಗೆಯ ವಾಸನೆ ಒಗ್ಗರಣೆಯ ವಾಸನೆಯನ್ನೂ ಹಿಂದಿಕ್ಕಿ ನಾನು ಪೇಪರ್ ಓದುತ್ತಿದ್ದ ಪಡಸಾಲೆಯವರೆಗೆ ಬಂತು. ಆ ವಾಸನೆ ಬಂತೆಂದರೆ ನನಗೆ ಕೆಲಸ ಬಂತೆಂದೇ ಅರ್ಥ. ಮದುವೆಮನೆಗೆ ಆಯೇರಿ ಎಂದು ಉಡುಗೊರೆ ಕೊಡಬೇಕಾದ ಸೀರೆಗಳನ್ನು ಒಂದೊಂದಾಗಿ ಹೊರತೆಗೆದು, ಪೂರ್ತಿ ಬಿಚ್ಚಿ, ಇಬ್ಬರೂ ಎರಡು ತುದಿ ಹಿಡಿದು ಕೊಡವಿ, ಮತ್ತೆ ಅದೇ ಗೆರೆಗೆ ಮಡಚಬೇಕು. ನಿಮ್ಮ ಮನೆಯಲ್ಲಿ ಈ ಪದ್ಧತಿ ಇರಲಿಕ್ಕಿಲ್ಲ. ಮೊದಲು ನಮ್ಮಲ್ಲೂ ಇರಲಿಲ್ಲ. ಇದು ನಮ್ಮ ಮನೆಗೆ ಬಂದದ್ದು ತೆರಿಗೆ ಕಚೇರಿಯ ದೆಸೆಯಿಂದ.

ಇಳಕಲ್ಲಿನಲ್ಲಿ ನಮ್ಮದೊಂದು ಸೀರೆ ಅಂಗಡಿ ಇದೆ. ನಮ್ಮದು ಅಂದರೆ ಮೂವರದು: ನಮ್ಮ ಅಣ್ಣ, ನಾನು ಮತ್ತು ಮಕ್ತುಮ್. ಮಕ್ತುಮ್ ಒಂದನೇ ಇಯತ್ತೆಯಿಂದ ನನ್ನ ಪಕ್ಕ ಕೂತವನು, ಈಗಲೂ ಕೂತಿದ್ದಾನೆ. ಗಾದಿಯ ಮೇಲೆ ಸೀರೆ ಹರವಿ ಗಿರಾಕಿಗಳನ್ನು ಮಾತಾಡಿಸುವುದು ಅವನ ಕೆಲಸ. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬಂದವರನ್ನೆಲ್ಲ ಅನುಮಾನದಿಂದ ನೋಡುವುದು ಅಣ್ಣನ ಕೆಲಸ. ಇಬ್ಬರಿಗೂ ಹೊತ್ತು ಹೊತ್ತಿಗೆ ಚಹಾ ಹೇಳುವುದು ನನ್ನ ಕೆಲಸ. ಅದರಲ್ಲಿ ಇಲ್ಲಿಯವರೆಗೆ ಯಾರೂ ತಪ್ಪು ಹಿಡಿದಿಲ್ಲ.

ನಮ್ಮ ಅಣ್ಣನಿಗೆ ರಸೀದಿ ಎಂದರೆ ವಿಭೂತಿಯಷ್ಟೇ ಪವಿತ್ರ. ಕರೆಂಟಿನ ಬಿಲ್ಲು, ಬ್ಯಾಂಕಿನ ಚೀಟಿ, ಬಸ್ಸಿನ ಪಾರ್ಸಲ್ ಚೀಟಿ, ಎಲ್ಲವನ್ನೂ ಮೇಜಿನ ಗಾಜಿನ ಕೆಳಗೆ ಸಾಲಾಗಿ ಜೋಡಿಸಿಟ್ಟಿದ್ದ. ಈಗಿನ ರಸೀದಿಗಳ ನುಣುಪು ಕಾಗದ ನಿಮಗೆ ಗೊತ್ತಲ್ಲ, ಬಿಸಿಲು ಬಿದ್ದರೆ ಅಕ್ಷರ ಹಾರಿಹೋಗುತ್ತದೆ. ನಮ್ಮ ಅಂಗಡಿಗೆ ಮಧ್ಯಾಹ್ನದ ಬಿಸಿಲು ನೇರ ಮೇಜಿಗೇ ಬೀಳುತ್ತದೆ. ಹಾಗಾಗಿ ಗಾಜಿನ ಕೆಳಗೆ ಉಳಿದಿದ್ದದ್ದು ಬರೀ ಬಿಳಿಯ ಚೂರುಗಳು.

"ಇದ್ರಾಗ ಏನೂ ಕಾಣವಲ್ದಲ್ಲೋ ಅಣ್ಣ" ಎಂದರೆ, "ಏನಿತ್ತು ಅಂತ ನನಗ ಗೊತ್ತೈತಿ" ಎನ್ನುತ್ತಿದ್ದ.

ಹೀಗಿರುವಾಗ ಬಾಗಲಕೋಟೆಯ ತೆರಿಗೆ ಕಚೇರಿಯಿಂದ ನಮಗೊಂದು ನೋಟೀಸು ಬಂತು. ಏನೋ ವಿವರಣೆ ಕೇಳಿದ್ದರು. ಇಂಥ ತಾರೀಖಿನೊಳಗೆ ಉತ್ತರ ಬರದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಮಾನ ಮಾಡುತ್ತೇವೆ ಎಂದು ಕೊನೆಯಲ್ಲಿ ಬರೆದಿತ್ತು. ನಮ್ಮ ತೆರಿಗೆಯ ವಕೀಲರು ಆಗಷ್ಟೇ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕಪ್ಪು ಕನ್ನಡಕದಲ್ಲಿ ಕೂತಿದ್ದರು. "ಕಾಗದ ನೋಡೂದು ನನಗ ಈಗ ಆಗೂದಿಲ್ರಿ. ವಾಯಿದೆ ಕೇಳ್ರಿ, ಕೊಡ್ತಾರ" ಎಂದರು. ಇನ್ನಷ್ಟು ದಿನ ಕೊಡಿ ಎಂದು ಅರ್ಜಿ ಬರೆದೆವು. ನಾನೇ ಬಸ್ಸು ಹತ್ತಿ ಕೊಟ್ಟು ಬರುತ್ತೇನೆಂದೆ.

"ಕೈಯಾಗ ಕೊಟ್ರ, ಯಾರ ಕೈಯಾಗ ಕೊಟ್ಟಿ ಅಂತಾರ" ಎಂದ ಅಣ್ಣ. "ರಿಜಿಸ್ಟರ್ ಪೋಸ್ಟ್ ಮಾಡೂಣು. ರಸೀದಿ ಬರತೈತಿ."

ಮಕ್ತುಮ್ ಲಕೋಟೆ ಹಿಡಿದು ಹೋದ, ಬಂದ. ಅಂಗಡಿ ತುಂಬ ಗಿರಾಕಿಗಳಿದ್ದರು. ಅರ್ಜಿಯ ವಿಷಯ ಎಲ್ಲರಿಗೂ ಮರೆತುಹೋಯಿತು.

ಮದುವೆಯ ಹಂಗಾಮು ಮುಗಿದು, ಪಂಚಮಿಯೂ ದಾಟಿದ ಮೇಲೆ ತೆರಿಗೆ ಕಚೇರಿಯಿಂದ ಕರೆ ಬಂತು. ಅಣ್ಣನೂ ನಾನೂ ಬಾಗಲಕೋಟೆಗೆ ಹೋದೆವು. ನಮ್ಮ ಅರ್ಜಿ ತಾರೀಖು ದಾಟಿದ ಮೇಲೆ ಮುಟ್ಟಿತ್ತಂತೆ. ಅಲ್ಲಿದ್ದ ಅಧಿಕಾರಿ ಹೆಣ್ಣುಮಗಳು, ಪಾಪ, ಭಾಳ ಸಮಾಧಾನದವರು. "ನಮಗ ಎಂದು ಮುಟ್ಟಿತು ಅನ್ನೂದು ಬ್ಯಾಡ್ರಿ, ನೀವು ಎಂದು ಕಳಿಸೀರಿ ಅನ್ನೂದ ಮುಖ್ಯ. ಪೋಸ್ಟಿನ ರಸೀದಿ ತೋರಸ್ರಿ, ಮುಗೀತು. ಸೋಮವಾರದೊಳಗ ಬರ್ರಿ" ಎಂದರು.

ಅಣ್ಣ ಹುರುಪಿನಿಂದ ಅಂಗಡಿಗೆ ಬಂದು ಮಕ್ತುಮನ ಮುಂದೆ ಕೈ ಚಾಚಿದ. ಮಕ್ತುಮ್ ಅಂಗಿಯ ಜೇಬು, ಪೈಜಾಮದ ಜೇಬು, ಟೋಪಿಯ ಒಳಮಡಿಕೆ, ಸ್ಕೂಟರಿನ ಡಿಕ್ಕಿ ಎಲ್ಲ ಹುಡುಕಿದ. ನಾನು ಅಂಚೆ ಕಚೇರಿಗೆ ಓಡಿದೆ. ಅಲ್ಲಿಯವರು "ನಂಬರ್ ಹೇಳ್ರಿ, ಹುಡುಕೂಣು" ಎಂದರು. ನಂಬರು ರಸೀದಿಯ ಮೇಲಿದೆ ಎಂದೆ. "ಹಂಗಾದ್ರ ರಸೀದಿ ತರ್ರಿ" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ವಾಪಸು ಬರುವಷ್ಟರಲ್ಲಿ ಅಣ್ಣನ ಬಾಯಿಂದ ಬರಬಾರದ ಮಾತು ಬಂದುಬಿಟ್ಟಿತ್ತು. "ಹಾದ್ಯಾಗ ಯಾರರ ಸಿಕ್ಕಿರ್ತಾರ. ಚಾ ಕುಡಕೋತ ನಿಂತಿರ್ತಿ. ಪೋಸ್ಟ್ ಆಫೀಸ್ ಬಂದಾಗಿರ್ತೈತಿ. ನಾಕ ದಿನ ಬಿಟ್ಟು ಹಾಕಿರ್ತಿ. ಹೌದಂದು ಬಿಡಲಾ."

ಮಕ್ತುಮ್ ಅಂಗಡಿಯ ಕೀಲಿಕೈ ಗೊಂಚಲನ್ನು ಜೇಬಿನಿಂದ ತೆಗೆದು ಮೊಳೆಗೆ ಹಾಕಿದ. "ಅಣ್ಣಾರ, ನಾ ಆ ದಿನಾನ ಹಾಕೇನಿ. ರಸೀದಿ ಸಿಗೂತನಾ ಈ ಗಾದಿ ಮ್ಯಾಲೆ ಕೂಡಂಗಿಲ್ಲ" ಎಂದು ಚಪ್ಪಲಿ ಮೆಟ್ಟಿ ಹೊರಟೇಹೋದ.

ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ತೆರಿಗೆಯ ಚಿಂತೆ ನನ್ನ ತಲೆಯಿಂದ ಪೂರ್ತಿ ಹಾರಿಹೋಯಿತು. ಕಣ್ಣೆದುರಿಗೆ ಉಳಿದದ್ದು ಮಕ್ತುಮ್ ಇಲ್ಲದ ಗಾದಿಯೊಂದೇ. ಅವನ ಮಾತಿನ ಮೇಲೆ ನನಗೆ ಯಾವತ್ತೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಅವನ ಜೇಬುಗಳ ಮೇಲೆ ಮಾತ್ರ.

ಮರುದಿನ ಸೀರೆ ತೋರಿಸಲು ಅಣ್ಣನೇ ಗಾದಿಗೆ ಇಳಿದ. ಹರವಲು ಬಂತು, ಮಡಚಲು ಬರಲಿಲ್ಲ. ಹುನಗುಂದದಿಂದ ಬಂದಿದ್ದ ಹೆಣ್ಣುಮಕ್ಕಳಿಬ್ಬರು ಕೊನೆಗೆ ತಾವೇ ಕೂತು ಎಲ್ಲ ಸೀರೆ ಮಡಚಿಟ್ಟು, ಏನೂ ಕೊಳ್ಳದೆ, "ಆ ಮಾಮಾ ಇದ್ದಾಗ ಬರ್ತೇವ್ರಿ" ಎಂದು ಹೋದರು. ಅಣ್ಣ ಗಾಜಿನ ಕೆಳಗಿನ ಬಿಳಿ ಚೂರುಗಳನ್ನು ನೋಡುತ್ತ ಕೂತ.

ಶುಕ್ರವಾರದ ನಮಾಜು ಮುಗಿಸಿ ಮಕ್ತುಮ್ ನೇರ ನಮ್ಮ ಮನೆಗೆ ಬಂದ. ಒಳಗೆ ಬರುವ ಮೊದಲೇ ಹೇಳಿದ: "ನೆನಪಾತಲೇ. ಸೀರ್ಯಾಗೈತಿ."

ಇದನ್ನು ನಿಮಗೆ ಬಿಡಿಸಿ ಹೇಳಬೇಕು. ನೇಕಾರರ ಮನೆಯಿಂದ ಬಂದ ಸೀರೆಯ ಒಳಮಡಿಕೆಯಲ್ಲಿ ಯಾರ ಮಗ್ಗದ್ದೆಂದು ಒಂದು ಸಣ್ಣ ಚೀಟಿ ಇರುತ್ತದೆ. ಗಿರಾಕಿಗೆ ಹರವಿ ತೋರಿಸುವಾಗ ಚೀಟಿ ಕೆಳಗೆ ಬೀಳುತ್ತದೆ, ಮಡಚುವಾಗ ಮತ್ತೆ ಒಳಗೆ ಸೇರಿಸುತ್ತೇವೆ. ವರ್ಷಾನುಗಟ್ಟಲೆ ಇದನ್ನೇ ಮಾಡಿದ ಕೈಗೆ ಚೀಟಿ ಎಂದರೆ ಚೀಟಿ, ಅಷ್ಟೇ. ಅಂದು ಮಕ್ತುಮ್ ರಸೀದಿ ಹಿಡಿದು ಬಂದಾಗ ಗಾದಿಯ ಮೇಲೆ ಸೀರೆಗಳ ರಾಶಿ ಬಿದ್ದಿತ್ತು. ಕೂತವನೇ ಮಡಚತೊಡಗಿದ. ನವಿಲುಬಣ್ಣದ ಒಡಲು, ಕೆಂಪು ಸೆರಗು, ಅಗಲ ದಡಿಯ ಒಂದು ಸೀರೆಯೊಳಗೆ ಸರ್ಕಾರದ ರಸೀದಿಯನ್ನು ಸೇರಿಸಿ ಗುಳೇದಗುಡ್ಡದ ಟೀಚರೊಬ್ಬರ ಚೀಲಕ್ಕೆ ಹಾಕಿ ಕಳಿಸಿದ್ದ.

"ಅವ್ರು ಉಟ್ಟು ಎಷ್ಟು ದಿನಾತೋ" ಎಂದೆ. ಹೊಸ ಸೀರೆಯ ಘಳಿಗೆ, ಅಂದರೆ ಅಂಗಡಿಯ ಮಡಿಕೆ, ಮುರಿದು ಉಟ್ಟ ದಿನವೇ ಆ ಚೀಟಿ ಕಸಬರಿಗೆಯ ಪಾಲಾಗಿರುತ್ತದೆ ಎಂಬುದು ನನ್ನ ಚಿಂತೆ. "ನಡಿ, ನೋಡೂಣು" ಎಂದ ಮಕ್ತುಮ್. ಶನಿವಾರ ಹೊತ್ತು ಹುಟ್ಟುವ ಮೊದಲು ಅವನ ಸ್ಕೂಟರ್ ಹತ್ತಿದೆವು.

ಗುಳೇದಗುಡ್ಡದಲ್ಲಿ ಟೀಚರಮ್ಮ ಚಹಾ ಕೊಟ್ಟರು. ಪಕ್ಕದ ಮನೆಯಲ್ಲಿ ಕುಪ್ಪಸದ ಖಣ ನೇಯುವ ಮಗ್ಗ ಲಟಪಟ ಎನ್ನುತ್ತಿತ್ತು. "ಭಾಳ ಚಂದ ಇತ್ರಿ ಸೀರಿ. ಉಟ್ಟೇ ಉಟ್ಟೇನಿ" ಎಂದರು. ಮಕ್ತುಮ್ ವಿಷಯವನ್ನೆಲ್ಲ ಹೇಳಿದ. ಅವರು ಚಹಾದ ಬಟ್ಟಲು ಕೆಳಗಿಟ್ಟರು. "ಖರೆ ಹೇಳ್ತೇನ್ರಿ. ಅದನ್ನ ಬೇವೂರಿನ ಬೀಗತಿಗೆ ಆಯೇರಿ ಮಾಡೇನಿ. ಮ್ಯಾಲೆ ಒಂದು ಖಣ ಇಟ್ಟು ಕೊಟ್ಟೇನಿ. ಬಿಚ್ಚಿ ನೋಡಿಲ್ರಿ."

ಬೇವೂರಿನ ಬೀಗತಿಯೂ ಆ ಸೀರೆಯನ್ನು ಉಟ್ಟೇ ಉಟ್ಟಿದ್ದರು. ಒಗೆಯಲು ಹಾಕಿದ್ದೇನೆ ಎಂದರು. ಯಾವ ಬಣ್ಣ ಎಂದು ಕೇಳಿದ್ದಕ್ಕೆ "ಕೆಂಪಲ್ರಿ?" ಎಂದರು. ಸೊಸೆ ಒಳಗಿನಿಂದ ಕೆಮ್ಮಿದಳು. ಆಮೇಲೆ ಗೊತ್ತಾಯಿತು, ಖಣ ಮಾತ್ರ ಅವರ ಕುಪ್ಪಸವಾಗಿತ್ತು. ಸೀರೆ ಬೇರೊಂದು ಖಣದ ಜೊತೆ ಬಾಗಲಕೋಟೆಯ ವಿದ್ಯಾಗಿರಿಗೆ ಹೋಗಿತ್ತು, ಗೃಹಪ್ರವೇಶದ ಮನೆಯೊಂದಕ್ಕೆ. ಮನೆಯೊಡತಿಯ ಹೆಸರು ಕೇಳಿ ನಾನು ಮಕ್ತುಮನ ಮುಖ ನೋಡಿದೆ. ಆಕೆ ನನ್ನ ಹೆಂಡತಿಯ ಅಕ್ಕ.

ದಾರಿಯುದ್ದಕ್ಕೂ ನಾನೊಂದು ವಿಚಿತ್ರ ಸಂಕಟದಲ್ಲಿದ್ದೆ. ಸೀರೆ ಇನ್ನೂ ಯಾರೂ ಉಟ್ಟಿಲ್ಲವೆಂದು ರಸೀದಿಯ ಸಲುವಾಗಿ ಖುಷಿ. ನಮ್ಮ ಅಂಗಡಿಯ ಅಷ್ಟು ಚಂದದ ಸೀರೆಯನ್ನು ಯಾರೊಬ್ಬರೂ ಬಿಚ್ಚಿಯೂ ನೋಡಿಲ್ಲವೆಂದು ವ್ಯಾಪಾರಸ್ಥನಾಗಿ ಬೇಸರ. ಮಕ್ತುಮ್ ಮಾತ್ರ "ಯಾ ಅಲ್ಲಾ, ಇನ್ನೊಂದಿಷ್ಟು ಹೊತ್ತು ಯಾರೂ ಉಡಬಾರದು ನೋಡಪಾ" ಎನ್ನುತ್ತ ಗಾಡಿ ಓಡಿಸಿದ. ಸೀರೆ ಮಾರುವವನ ಬಾಯಲ್ಲಿ ಇಂಥ ಪ್ರಾರ್ಥನೆ ನಾನು ಹಿಂದೆ ಕೇಳಿರಲಿಲ್ಲ.

ನನ್ನ ಹೆಂಡತಿಯ ಅಕ್ಕ ನಮ್ಮನ್ನು ಕೂರಿಸಿ ಅವಲಕ್ಕಿ ಕೊಟ್ಟು, ಎಲ್ಲ ಕೇಳಿ, ಎದ್ದು ಹೋಗಿ ಹೊರಬಾಗಿಲು ಮುಂದೆ ಮಾಡಿ ಬಂದಳು. "ನಿಮ್ಮನಿಯಾಕಿ ಮುಂದ ಹೇಳಬ್ಯಾಡ್ರಿ ಮತ್ತ. ಪಂಚಮಿಗೆ ಬಂದಾಗ ಅದ ಸೀರಿ ಇಟ್ಟು ಅಕಿಗೇ ಉಡಿ ತುಂಬೇನಿ. ನಿನ್ನ ಸಲುವಾಗಿ ಇಳಕಲ್ಲಿಗೆ ಹೇಳಿ ತರಿಸೇನಿ ಅಂದಿದ್ದೆ."

ನಾವು ಇಳಕಲ್ಲು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ನವಿಲುಬಣ್ಣದ ಸೀರೆ ಎಲ್ಲಿ ಎಂದು ಹೆಂಡತಿಯನ್ನು ಕೇಳಿದೆ. ಅವಳು ಮಕ್ತುಮನ ಕಡೆ ನೋಡಿ ಕೆಂಪಾದಳು. ಕಪಾಟು ತೆಗೆದು ಒಂದು ಚೀಲ ತಂದಳು. ಚೀಲದಲ್ಲಿ ಆ ಸೀರೆ, ಮೇಲೊಂದು ಹೊಸ ಖಣ, ಅದರ ಮೇಲೆ ಗುರುತಿಗೆಂದು ಅಂಟಿಸಿದ ಕಾಗದದಲ್ಲಿ ಅವಳದೇ ಅಕ್ಷರ: ಮಕ್ತುಮಣ್ಣನ ಮಗಳ ಲಗ್ನಕ್ಕ.

"ವೈನಿ" ಎಂದ ಮಕ್ತುಮ್ ನಗುತ್ತ, "ನಾವು ಸುಮ್ನ ಪೆಟ್ರೋಲ್ ಸುಟ್ವಿ. ಮನ್ಯಾಗ ಕುಂತಿದ್ರೂ ಅದು ನನ್ನ ಹುಡುಕ್ಯೋತ ಬರೂದಿತ್ತು."

ಸೀರೆ ಬಿಚ್ಚಿದೆವು. ಮೂರನೇ ಮಡಿಕೆಯಲ್ಲಿ ರಸೀದಿ ಇತ್ತು. ಬೆಳಕನ್ನೇ ಕಾಣದ್ದರಿಂದ ಒಂದಕ್ಷರವೂ ಮಾಸಿರಲಿಲ್ಲ. ತಾರೀಖು, ಹೊತ್ತು, ಕಚೇರಿಯ ವಿಳಾಸ, ಎಲ್ಲ ಸ್ವಚ್ಛ. ಮಕ್ತುಮ್ ಹೇಳಿದ ದಿನವೇ. ಅದು ಅಣ್ಣನ ಗಾಜಿನ ಕೆಳಗೆ ಹೋಗಿದ್ದರೆ ಎಂದೋ ಬಿಳಿಯಾಗಿರುತ್ತಿತ್ತು. ಮಕ್ತುಮ್ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಕಣ್ಣೊರೆಸಿಕೊಂಡ. ನಾನೂ ಒರೆಸಿಕೊಂಡೆ. ಡಾಂಬರು ಗುಳಿಗೆಯ ಘಾಟು ಎಂದು ಇಬ್ಬರೂ ಹೇಳಿದೆವು.

ಅಣ್ಣನಿಗೆ ಕ್ಷಮೆ ಕೇಳುವುದು ಗೊತ್ತಿಲ್ಲ. ಭಾನುವಾರ ಬೆಳಗ್ಗೆ ಮಕ್ತುಮನ ಮನೆಯ ಬಾಗಿಲಿಗೆ ಹೋಗಿ ನಿಂತು, "ಅಂಗಡಿ ಕೀಲಿ ತೆಗೀವಲ್ದೋ. ನನ್ನ ಕೈಲೆ ಆಗವಲ್ದು. ನೀ ಒಂದೀಟು ಬಾ" ಎಂದು ಕೀಲಿಕೈ ಗೊಂಚಲು ಮುಂದೆ ಹಿಡಿದ. ಮಕ್ತುಮ್ ಬಂದು ಒಂದೇ ಸಲಕ್ಕೆ ಬಾಗಿಲು ತೆಗೆದ. "ಎಣ್ಣಿ ಬಿಡಬೇಕ್ರಿ ಅಣ್ಣಾರ" ಎಂದ. "ಬಿಡೂಣು" ಎಂದ ಅಣ್ಣ. ನಾನು ಮೂರು ಚಹಾ ಹೇಳಿದೆ.

ಸೋಮವಾರ ಕಚೇರಿಯಲ್ಲಿ ಅಧಿಕಾರಿಯವರು ರಸೀದಿಯನ್ನು ಮೂಗಿನ ಹತ್ತಿರ ಹಿಡಿದು, ಇದು ಎಲ್ಲಿತ್ತು ಎಂದು ಕೇಳಿದರು. ಹೇಳಿದೆ. ಅವರು ಅರ್ಜಿಯ ಮೇಲೆ ಸಹಿ ಮಾಡುತ್ತ ದನಿ ತಗ್ಗಿಸಿ, "ನಮ್ಮನ್ಯಾಗೂ ಒಂದು ನಾಕ ಸೀರಿ ಅದಾವ್ರಿ, ಬಿಚ್ಚದೇ ಇಟ್ಟದ್ದು. ಇವತ್ತ ನೋಡ್ತೇನಿ" ಎಂದರು.

ಯಾರಿಗೆ ಕೊಡಬೇಕೋ ಅವರೇ ನೋಡಿಬಿಟ್ಟ ಸೀರೆಯನ್ನು ಆಯೇರಿ ಮಾಡುವಂತಿಲ್ಲ. ಹೀಗಾಗಿ ನನ್ನ ಹೆಂಡತಿ ಅದನ್ನು ಉಟ್ಟೇ ಮಕ್ತುಮನ ಮಗಳ ಮದುವೆಗೆ ಬಂದಳು, ಉಡುಗೊರೆಗೆ ಅಂಗಡಿಯಿಂದ ಬೇರೆ ಸೀರೆ ತಂದಳು. ನವಿಲುಬಣ್ಣ ಅವಳಿಗೆ ಎಷ್ಟು ಒಪ್ಪುತ್ತದೆಂದು ಅಂದೇ ನನಗೆ ತಿಳಿದದ್ದು.

ಇವತ್ತು ಬೆಳಗ್ಗೆಯೂ ಕೊಡವಿದೆವು. ಒಂದು ಸತ್ತ ನುಸಿ ಬಿಟ್ಟರೆ ಏನೂ ಬೀಳಲಿಲ್ಲ. ಕೊನೆಯ ಸೀರೆ ಮಡಚುತ್ತಿರುವಾಗ ಅಂಗಡಿಯಿಂದ ಮಕ್ತುಮನ ಫೋನು ಬಂತು.

"ಬ್ಯಾಂಕಿನ ಆ ಕಾಗದ ಇತ್ತಲ್ಲಲೇ, ಮುಂಜಾನೆ ಪೋಸ್ಟ್ ಮಾಡಿ ಬಂದೆ. ರಸೀದಿ ಎಲ್ಲಿಟ್ಟೆ ಅಂತ ನೆನಪಾಗವಲ್ದು."

"ಬಂದ ಮ್ಯಾಲೆ ಸೀರಿ ಏನರ ಮಡಚಿದೇನು?"

"ಬಾದಾಮಿಯಿಂದ ಒಬ್ಬಾಕಿ ಹೆಣ್ಮಗಳು ಬಂದಿದ್ಲು. ತಂಗಿ ಲಗ್ನಕ್ಕ ಅಂತ ಎರಡು ಸೀರಿ ಒಯ್ದಳು."

ನಾನು ಆಗಲೇ ಮನಸ್ಸಿನಲ್ಲಿ ಬಾದಾಮಿಯ ಬಸ್ಸು ಹುಡುಕುತ್ತಿದ್ದೆ. ಅಷ್ಟರಲ್ಲಿ ಫೋನಿನ ಹಿಂದಿನಿಂದ, ಗಲ್ಲಾಪೆಟ್ಟಿಗೆಯ ಕಡೆಯಿಂದ, ಅಣ್ಣನ ದನಿ ಕೇಳಿಸಿತು:

"ಫೋನ್ ಇಡ್ರಲೇ ಸಾಕು. ಹಾಕೇನಿ ಅಂದಾನಲ್ಲ ಅಂವ? ಹಾಕಿರ್ತಾನ."